ಬ್ರೆಜಿಲ್‌ನ ಕುಟುಂಬ ಕೃಷಿ ಮತ್ತು ಸರ್ಕಾರಿ ಆಹಾರ ಖರೀದಿ

ಮನೆಮಂದಿಯೇ ದುಡಿದು ನಡೆಸುವ ಹಿಡುವಳಿಗಳಿಗೆ ಸಾಲ ಒದಗಿಸುವುದು, ಅಲ್ಲಿ ಬೆಳೆದದ್ದನ್ನು ಶಾಲೆ, ಆಸ್ಪತ್ರೆ, ಶಿಶುವಿಹಾರಗಳಿಗೆಂದು ಸರ್ಕಾರವೇ ಕೊಳ್ಳುವುದು: ಈ ಎರಡು ಕ್ರಮಗಳ ಸುತ್ತ ಬ್ರೆಜಿಲ್‌ನಲ್ಲಿ 1990ರ ದಶಕದಿಂದ ಒಂದು ನೀತಿ ಬೆಳೆದುಬಂದಿದೆ. ಬೇರೆ ದೇಶಗಳ ಬರಹಗಳು ಇದನ್ನು ಮಾದರಿಯೆಂದು ಉಲ್ಲೇಖಿಸುವಾಗ ವರ್ಷ, ಯೋಜನೆ, ಅಂಕಿ ಮೂರನ್ನೂ ಕಲಸಿಬಿಡುವುದುಂಟು. ಮುಖ್ಯವಾಗಿ 2003ರ ಖರೀದಿ ಯೋಜನೆಯನ್ನೂ 2009ರ ಶಾಲಾ ಊಟದ ಕಾಯ್ದೆಯನ್ನೂ ಒಂದೇ ಎಂದು ಬರೆಯಲಾಗುತ್ತದೆ. ಎರಡರ ಕಾನೂನಿನ ಬುಡ ಬೇರೆ; ಮುಂದೆ ಅವು ಕಂಡ ಗತಿಯೂ ಬೇರೆ.

ಶಾಲಾ ಊಟ ಹಳೆಯದು, 1955ರಲ್ಲೇ ಆರಂಭವಾದದ್ದು. ದಶಕಗಳ ಕಾಲ ಕೇಂದ್ರವೇ ಆಹಾರ ಕೊಂಡು ದೇಶದ ಉದ್ದಗಲಕ್ಕೆ ಕಳಿಸುತ್ತಿತ್ತು. 1994ರ ಕಾಯ್ದೆ ಖರೀದಿಯನ್ನು ರಾಜ್ಯಗಳಿಗೂ ಪುರಸಭೆಗಳಿಗೂ ಒಪ್ಪಿಸಿತು. ಈ ವಿಕೇಂದ್ರೀಕರಣ ನಡೆಯದೆ ಹೋಗಿದ್ದರೆ ಊರಿನ ರೈತನಿಂದ ಊರಿನ ಶಾಲೆಗೆ ಕೊಳ್ಳುವ ಮಾತೇ ಹುಟ್ಟುತ್ತಿರಲಿಲ್ಲ.

ಸಣ್ಣ ರೈತರಿಗೆಂದೇ ಇರುವ ಸಾಲ ಯೋಜನೆ ಪ್ರೊನಾಫ್. ಇದರ ಆರಂಭ 1995 ಎಂದು ಕೆಲವರು, 1996 ಎಂದು ಕೆಲವರು ಬರೆಯುತ್ತಾರೆ. ಸಾಲದ ಒಂದು ವಿಭಾಗವಾಗಿ ತೆರೆದದ್ದು 1995ರ ಆಗಸ್ಟ್‌ನಲ್ಲಿ, ಸರ್ಕಾರಿ ಆದೇಶದ ಮೂಲಕ ಪೂರ್ಣ ಯೋಜನೆಯಾದದ್ದು 1996ರ ಜೂನ್‌ನಲ್ಲಿ. ಹಾಗಾಗಿ ಎರಡೂ ಸರಿ. ನಡುವೆ, 1996ರ ಏಪ್ರಿಲ್ 17ರಂದು, ಪಾರಾ ರಾಜ್ಯದ ಎಲ್ಡೊರಾಡೊ ಡೊಸ್ ಕರಾಜಾಸ್‌ನಲ್ಲಿ ಪೊಲೀಸರು 19 ಭೂರಹಿತ ಕಾರ್ಮಿಕರನ್ನು ಕೊಂದರು. ಗ್ರಾಮೀಣ ಕಾರ್ಮಿಕ ಸಂಘಟನೆಗಳು ಅದಕ್ಕೂ ಮೊದಲಿನಿಂದಲೇ ಪ್ರತ್ಯೇಕ ಸಾಲಕ್ಕಾಗಿ ಹೋರಾಡುತ್ತಿದ್ದವು. ಆ ಹತ್ಯೆಯ ನಂತರ ಭೂಮಿಯ ಪ್ರಶ್ನೆಯನ್ನು ಮುಂದೂಡುವುದು ಸರ್ಕಾರಕ್ಕೆ ಕಷ್ಟವಾಯಿತು. ಆದರೆ ಪ್ರೊನಾಫ್ ಸಾಲದ ದೊಡ್ಡ ಪಾಲು ದೇಶದ ದಕ್ಷಿಣದ ಅನುಕೂಲಸ್ಥ ರೈತರಿಗೂ ಸೋಯಾ, ಮೆಕ್ಕೆಜೋಳದಂಥ ಬೆಳೆಗಳಿಗೂ ಹೋಯಿತು. ಬಡ ಈಶಾನ್ಯ ಹಿಂದೆ ಉಳಿಯಿತು.

ಯಾರು ಕುಟುಂಬ ಕೃಷಿಕರು ಎಂಬುದಕ್ಕೆ ಕಾನೂನಿನ ಉತ್ತರ ಬಂದದ್ದು 2006ರ ಜುಲೈ 24ರ ಕಾಯ್ದೆಯಲ್ಲಿ. ಜಮೀನು ನಾಲ್ಕು 'ಮಾಡ್ಯೂಲ್' ಮೀರಬಾರದು, ದುಡಿಮೆ ಹೆಚ್ಚಾಗಿ ಮನೆಯವರದೇ ಆಗಿರಬೇಕು, ಆದಾಯದ ನಿಗದಿತ ಪಾಲು ಜಮೀನಿನಿಂದಲೇ ಬರಬೇಕು, ಆಡಳಿತ ಕುಟುಂಬದ ಕೈಯಲ್ಲಿರಬೇಕು. ಒಂದು ಮಾಡ್ಯೂಲ್ ಪ್ರದೇಶಕ್ಕೆ ತಕ್ಕಂತೆ 5ರಿಂದ 110 ಹೆಕ್ಟೇರ್. ಎರಡು ಹೆಕ್ಟೇರಿನೊಳಗಿನವರನ್ನು ಸಣ್ಣ ರೈತರೆನ್ನುವ ನಮ್ಮ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಓದುವವರು ಇದನ್ನು ಗಮನಿಸಬೇಕು: ಅಮೆಜಾನ್ ಪ್ರದೇಶದ ಕುಟುಂಬ ಹಿಡುವಳಿ 400 ಹೆಕ್ಟೇರ್ ದಾಟಿಯೂ ಇರಬಹುದು.

ದೇಶದ ಆಹಾರದಲ್ಲಿ ಶೇ. 70 ಭಾಗ ಕುಟುಂಬ ಕೃಷಿಯಿಂದ ಬರುತ್ತದೆ ಎಂಬ ಮಾತು ಸರ್ಕಾರದ ಪ್ರಕಟಣೆಗಳಲ್ಲಿ, ಭಾಷಣಗಳಲ್ಲಿ ವರ್ಷಗಟ್ಟಲೆ ಓಡಾಡಿತು. ಇದಕ್ಕೆ ಗಣತಿಯ ಆಧಾರವಿಲ್ಲ. 2006ರ ಕೃಷಿ ಗಣತಿಯ ಪ್ರಕಾರ ಕುಟುಂಬ ಹಿಡುವಳಿಗಳು ಬೆಳೆದದ್ದು ಮರಗೆಣಸಿನ ಶೇ. 87, ಬೀನ್ಸ್ ಕಾಳಿನ ಶೇ. 70, ಮೆಕ್ಕೆಜೋಳದ ಶೇ. 46, ಭತ್ತದ ಶೇ. 34. ಒಟ್ಟು ಉತ್ಪನ್ನದ ಮೌಲ್ಯದಲ್ಲಿ ಅವುಗಳ ಪಾಲು ಶೇ. 38. ಅರ್ಥಶಾಸ್ತ್ರಜ್ಞ ರೊಡಾಲ್ಫೊ ಹಾಫ್‌ಮನ್ 2014ರಲ್ಲಿ ಈ ಹೇಳಿಕೆಯನ್ನು ಪರಿಶೀಲಿಸಿ, ಅದು ನಿಲ್ಲುವುದಿಲ್ಲವೆಂದು ತೋರಿಸಿದರು. 2017ರ ಗಣತಿಯಲ್ಲಿ ಕುಟುಂಬ ಹಿಡುವಳಿಗಳ ಸಂಖ್ಯೆ ಸುಮಾರು 39 ಲಕ್ಷಕ್ಕೆ, ಒಟ್ಟು ಹಿಡುವಳಿಗಳಲ್ಲಿ ಪಾಲು ಶೇ. 84ರಿಂದ 77ಕ್ಕೆ ಇಳಿಯಿತು. ಅದೇ ವರ್ಷ ಹೊಸ ಆದೇಶವೊಂದು ವ್ಯಾಖ್ಯೆಯನ್ನೂ ಬದಲಿಸಿದ್ದರಿಂದ ಈ ಇಳಿಕೆಯಲ್ಲಿ ನಿಜವಾದ ನಷ್ಟವೆಷ್ಟು, ಎಣಿಕೆಯ ವ್ಯತ್ಯಾಸವೆಷ್ಟು ಎಂಬ ಚರ್ಚೆ ಮುಗಿದಿಲ್ಲ. ಸಣ್ಣ ರೈತರ ಪರವಾದ ವಾದಕ್ಕೆ ಉಬ್ಬಿಸಿದ ಅಂಕಿಯ ಅಗತ್ಯವೇ ಇಲ್ಲ. ಬಡವರ ತಟ್ಟೆಯ ಮರಗೆಣಸು, ಕಾಳುಗಳ ಲೆಕ್ಕವೇ ಸಾಕಷ್ಟು ಹೇಳುತ್ತದೆ.

ಅಧ್ಯಕ್ಷ ಲೂಲಾ ಅಧಿಕಾರಕ್ಕೆ ಬಂದ ವರ್ಷ, 2003ರ ಜುಲೈನಲ್ಲಿ, ಹಸಿವು ನಿವಾರಣೆಯ ಭಾಗವಾಗಿ ಆಹಾರ ಖರೀದಿ ಯೋಜನೆ ಹೊರಟಿತು. ಪೋರ್ಚುಗೀಸ್ ಹೆಸರಿನ ಮೊದಲಕ್ಷರಗಳಿಂದ ಅದು ಪಿಎಎ. ಪ್ರದೇಶದ ಮಾರುಕಟ್ಟೆ ದರ ಮೀರದಿದ್ದರೆ ಟೆಂಡರ್ ಇಲ್ಲದೆ ಕೊಳ್ಳಬಹುದೆಂಬ ವಿನಾಯಿತಿಯೇ ಅದರ ಜೀವಾಳ. ಟೆಂಡರ್‌ನಲ್ಲಿ ದೊಡ್ಡ ಕಂಪನಿಗಳ ಎದುರು ನಾಲ್ಕು ಬುಟ್ಟಿ ಸೊಪ್ಪು ತರುವವನು ನಿಲ್ಲಲಾರ. ಸಾವಯವ ಬೆಳೆಗೆ ಶೇ. 30ರವರೆಗೆ ಹೆಚ್ಚು ದರ ಕೊಡುವ ಅವಕಾಶವೂ ಇತ್ತು.

2013ರಲ್ಲಿ ಪರಾನಾ ರಾಜ್ಯದಲ್ಲಿ ಫೆಡರಲ್ ಪೊಲೀಸರು ಈ ಯೋಜನೆಯಲ್ಲಿ ಅಕ್ರಮದ ಆರೋಪ ಹೊರಿಸಿ ರೈತರನ್ನು ಬಂಧಿಸಿದರು. ಕಾಗದದಲ್ಲಿ ಬರೆದ ತರಕಾರಿಯ ಬದಲು ಆ ಹಂಗಾಮಿನಲ್ಲಿ ಕೈಗೆ ಬಂದ ಬೇರೆ ತರಕಾರಿ ಕೊಟ್ಟದ್ದು ವಂಚನೆಯೇ ಎಂಬುದು ಪ್ರಕರಣದ ಒಂದು ಮುಖ್ಯ ಪ್ರಶ್ನೆಯಾಗಿತ್ತು. ಹಲವರು ಮುಂದೆ ಖುಲಾಸೆಯಾದರು. ಬಂಧನವನ್ನು ಮಾತ್ರ ಹೇಳಿ ಖುಲಾಸೆಯನ್ನು ಬಿಡುವ ಬರಹ ಆ ರೈತರಿಗೆ ಅನ್ಯಾಯ ಮಾಡುತ್ತದೆ.

ನಿಜವಾದ ತಿರುವು 2009ರ ಜೂನ್ 16ರ ಶಾಲಾ ಊಟದ ಕಾಯ್ದೆ. ಊಟಕ್ಕೆಂದು ಕೇಂದ್ರ ಕಳಿಸುವ ಹಣದಲ್ಲಿ ಕನಿಷ್ಠ ಶೇ. 30 ಭಾಗವನ್ನು ಕುಟುಂಬ ಕೃಷಿಕರಿಂದ ಕೊಳ್ಳಲು ಬಳಸಬೇಕೆಂದು ಅದರ 14ನೆಯ ವಿಧಿ ಹೇಳಿತು. ಭೂಸುಧಾರಣೆಯಲ್ಲಿ ನೆಲ ಪಡೆದವರಿಗೆ, ಮೂಲನಿವಾಸಿಗಳಿಗೆ, ಗುಲಾಮಗಿರಿಯಿಂದ ತಪ್ಪಿಸಿಕೊಂಡವರ ವಂಶದ ಕಿಲೊಂಬೊಲಾ ಸಮುದಾಯಗಳಿಗೆ ಆದ್ಯತೆ. ಪುರಸಭೆ ಮೊದಲೇ ಮಾರುಕಟ್ಟೆ ವಿಚಾರಿಸಿ ದರ ಗೊತ್ತುಮಾಡಿ ಬಹಿರಂಗ ಕರೆ ಕೊಡುತ್ತದೆ. ರೈತರ ನಡುವೆ ದರದ ಪೈಪೋಟಿ ಇರುವುದಿಲ್ಲ. ಒಂದು ಕುಟುಂಬ ವರ್ಷಕ್ಕೆ ಮಾರಬಹುದಾದ ಮಿತಿ ಮೊದಲು 9,000 ರಿಯಾಯ್ಸ್ ಇದ್ದದ್ದು 2012ರಲ್ಲಿ 20,000ಕ್ಕೆ, ನಂತರ 40,000ಕ್ಕೆ ಏರಿತು. ಆದರೆ ಶೇ. 30 ಎಲ್ಲೆಡೆ ಜಾರಿಯಾಯಿತೆಂದು ತಿಳಿಯಬಾರದು. ರಸೀದಿ ಕೊಡಲಾಗದಿದ್ದರೆ, ಪೂರೈಕೆ ನಿಯಮಿತವಾಗಿಲ್ಲದಿದ್ದರೆ, ಶುಚಿತ್ವ ಸಾಲದಿದ್ದರೆ ಪುರಸಭೆಗೆ ವಿನಾಯಿತಿ ಇತ್ತು. ಸಹಕಾರ ಸಂಘ, ವಾಹನ, ಶೀತಲ ಕೋಣೆ ಇಲ್ಲದ ಊರುಗಳಿಗೂ ದೊಡ್ಡ ನಗರಗಳಿಗೂ ಗುರಿ ಮುಟ್ಟುವುದು ಕಷ್ಟವೇ ಆಯಿತು.

ಎರಡು ಯೋಜನೆಗಳ ವ್ಯತ್ಯಾಸ ಬಯಲಾದದ್ದು 2016ರ ನಂತರ. ಆ ವರ್ಷ ಕುಟುಂಬ ಕೃಷಿಯ ಪ್ರತ್ಯೇಕ ಸಚಿವಾಲಯ ರದ್ದಾಯಿತು. 2019ರ ಮೊದಲ ದಿನವೇ ಹೊಸ ಅಧ್ಯಕ್ಷ ಬೊಲ್ಸೊನಾರೊ ಅವರ ಸರ್ಕಾರ ರಾಷ್ಟ್ರೀಯ ಆಹಾರ ಭದ್ರತಾ ಮಂಡಳಿಯನ್ನು ಕೈಬಿಟ್ಟಿತು. ವರ್ಷವರ್ಷದ ಬಜೆಟ್ಟನ್ನು ನೆಚ್ಚಿದ್ದ ಪಿಎಎ 2012ರ ಎತ್ತರದಿಂದ ಕುಸಿಯುತ್ತ ಬಂದು 2021ರಲ್ಲಿ ಬೇರೆ ಹೆಸರಿನ ಯೋಜನೆಗೆ ಎಡೆಬಿಟ್ಟಿತು. ಶಾಲಾ ಊಟದ ಶೇ. 30 ಮಾತ್ರ ಅಳಿಯಲಿಲ್ಲ. ಅದು ಕಾಯ್ದೆಯಲ್ಲಿತ್ತು, ಸುಮಾರು 4 ಕೋಟಿ ಮಕ್ಕಳ ಊಟದ ಹಣಕ್ಕೆ ಕಟ್ಟಿಕೊಂಡಿತ್ತು. ಕೋವಿಡ್‌ನಲ್ಲಿ ಶಾಲೆ ಮುಚ್ಚಿದಾಗಲೂ 2020ರ ಏಪ್ರಿಲ್ ತಿದ್ದುಪಡಿ ಆ ಹಣದ ಆಹಾರವನ್ನು ಪೋಷಕರಿಗೆ ಹಂಚಲು ಅನುಮತಿ ಕೊಟ್ಟಿತು.

2023ರಲ್ಲಿ ಸಚಿವಾಲಯ, ಮಂಡಳಿ ಮರಳಿದವು. ಪಿಎಎ ಮತ್ತೆ ಆರಂಭವಾಗಿ, ಜುಲೈನಲ್ಲಿ ಹೊಸ ಕಾಯ್ದೆಯ ಬಲ ಪಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಅಂಗೀಕಾರಗೊಂಡ ಕಾಯ್ದೆಯು ಶಾಲಾ ಊಟದಲ್ಲಿ ಕುಟುಂಬ ಕೃಷಿಯ ಕನಿಷ್ಠ ಪಾಲನ್ನು 2026ರ ಜನವರಿಯಿಂದ ಶೇ. 45ಕ್ಕೆ ಏರಿಸಿದೆ.