ಒಣಪ್ರದೇಶದ ಕೈತೋಟಕ್ಕೆ ಅಗ್ನಿಶಿಖೆ ಬಳ್ಳಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗಗಳಲ್ಲಿ ಬೇಸಿಗೆಯ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಈ ಹವಾಗುಣಕ್ಕೆ ಹೊಂದಿಕೊಳ್ಳುವ ದೇಶೀಯ ಹೂಬಳ್ಳಿಗಳಲ್ಲಿ ಅಗ್ನಿಶಿಖೆಯೂ ಒಂದಾಗಿದೆ. ಇದನ್ನು ಗೌರಿ ಹೂವು, ಲಾಂಗಲಿ ಎಂದೂ ಕರೆಯುತ್ತಾರೆ.

ಬೆಳವಣಿಗೆ: ಮುಂಗಾರಿನಲ್ಲಿ ಗಡ್ಡೆಯಿಂದ ಚಿಗುರುವ ಬಳ್ಳಿಯು ಎಲೆತುದಿಯ ಕುಡಿಗಳಿಂದ ಆಸರೆಗೆ ಹಬ್ಬುತ್ತದೆ. ಹೂವು ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ಕಾಯಿ ಬಲಿತ ನಂತರ ಬಳ್ಳಿಯು ಒಣಗಿ, ಗಡ್ಡೆಯು ಬೇಸಿಗೆಯನ್ನು ಮಣ್ಣಿನಡಿ ಸುಪ್ತಾವಸ್ಥೆಯಲ್ಲಿ ಕಳೆಯುತ್ತದೆ. ಆ ಅವಧಿಯಲ್ಲಿ ನೀರುಣಿಸುವ ಅಗತ್ಯವಿಲ್ಲ.

ಮಣ್ಣು ಮತ್ತು ನಾಟಿ: ಎರೆ ಮಣ್ಣಿನಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಆದ್ದರಿಂದ ಮರಳು ಹಾಗೂ ಕೊಟ್ಟಿಗೆ ಗೊಬ್ಬರ ಬೆರೆಸಿ ಏರುಮಡಿ ಸಿದ್ಧಪಡಿಸಬೇಕು. ಜೂನ್–ಜುಲೈ ತಿಂಗಳಲ್ಲಿ ಮೊಳಕೆಯ ತುದಿಗೆ ಪೆಟ್ಟಾಗದಂತೆ ಗಡ್ಡೆ ನೆಟ್ಟು, ತಂತಿ ಅಥವಾ ಕಡ್ಡಿಯ ಆಸರೆ ಒದಗಿಸಬೇಕು. ಬೀಜದಿಂದ ಬೆಳೆಸಿದ ಗಿಡ ಹೂಬಿಡಲು ಕೆಲವು ವರ್ಷಗಳು ಬೇಕಾಗುತ್ತವೆ.

ಎಚ್ಚರಿಕೆ: ಈ ಸಸ್ಯದ ಎಲ್ಲಾ ಭಾಗಗಳೂ, ವಿಶೇಷವಾಗಿ ಗಡ್ಡೆ ಮತ್ತು ಬೀಜಗಳು, ಕಾಲ್ಚಿಸಿನ್ ಎಂಬ ವಿಷವನ್ನು ಹೊಂದಿರುತ್ತವೆ. ಗಡ್ಡೆಯನ್ನು ಗೆಣಸೆಂದು ಭಾವಿಸಿ ತಿಂದಲ್ಲಿ ಪ್ರಾಣಾಪಾಯ ಸಂಭವಿಸುತ್ತದೆ. ಗಡ್ಡೆ ಮುಟ್ಟುವಾಗ ಕೈಗವಸು ಧರಿಸಬೇಕು. ಅಡುಗೆ ಪದಾರ್ಥಗಳೊಂದಿಗೆ ಸಂಗ್ರಹಿಸಬಾರದು. ಸೇವಿಸಿದ ಕೆಲವು ಗಂಟೆಗಳ ನಂತರವಷ್ಟೇ ವಾಂತಿ, ಭೇದಿ ಕಾಣಿಸಿಕೊಳ್ಳಬಹುದು. ಆದಕಾರಣ ಲಕ್ಷಣಗಳಿಗಾಗಿ ಕಾಯದೆ, ಮನೆಮದ್ದು ಮಾಡದೆ, ಕೂಡಲೇ 108ಕ್ಕೆ ಕರೆ ಮಾಡಿ, ಉಳಿದ ಸಸ್ಯಭಾಗವನ್ನು ವೈದ್ಯರಿಗೆ ತೋರಿಸಬೇಕು.

ಚಿಕ್ಕ ಮಕ್ಕಳು ಅಥವಾ ಜಾನುವಾರುಗಳಿರುವ ಮನೆಗಳಲ್ಲಿ ಇದರ ಬದಲು ಸೂಜಿಮಲ್ಲಿಗೆ ಬೆಳೆಸುವುದು ಸೂಕ್ತ. ಹೆಚ್ಚಿನ ಮಾಹಿತಿಗಾಗಿ ಆಯಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.