ಹೊರೆ, ಹೇರು, ಅತಿಭಾರ

'ಓವರ್‌ಲೋಡ್' ಎಂಬುದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ? 'ಅತಿಭಾರ' ಎಂದರೆ ತಪ್ಪಿಲ್ಲ. ಆದರೆ ಅದು ಪುಸ್ತಕದ ಮಾತು. ದೊಡ್ಡಬಳ್ಳಾಪುರ, ನೆಲಮಂಗಲದ ಹಳ್ಳಿಗಳಲ್ಲಿ ಹುಲ್ಲನ್ನು ತಲೆಯ ಮೇಲೆ ಹೊತ್ತು ತಂದರೆ ಹೊರೆ. ಎತ್ತಿನ ಬೆನ್ನಿಗೆ ಹಾಕಿದರೆ ಹೇರು. ಹೊರೆಯನ್ನು ನಾವೇ ಹೊರುತ್ತೇವೆ, ಹೇರನ್ನು ಇನ್ನೊಬ್ಬರು ಹೇರುತ್ತಾರೆ. 'ತೆರಿಗೆ ಹೇರಿದರು' ಎಂದು ಪತ್ರಿಕೆಯಲ್ಲಿ ಓದುವಾಗ ನಾವು ಎತ್ತಿನ ಜಾಗದಲ್ಲಿರುತ್ತೇವೆ!

ಹೇರು ಮಿತಿಮೀರಿದಾಗ ಆಗುವುದೇನು? 1791ರ ಯುದ್ಧವನ್ನು ನೋಡಿ. ಕಾರ್ನ್‌ವಾಲಿಸನ ಸೈನ್ಯ ಕೋಲಾರ, ಹೊಸಕೋಟೆಗಳ ಮೂಲಕ ಬಂದು ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿಯಿತು. ಟಿಪ್ಪು ಹುಟ್ಟಿದ ದೇವನಹಳ್ಳಿಯೂ ವಶವಾಯಿತು. ಮೇ ತಿಂಗಳಲ್ಲಿ ಸೈನ್ಯ ಶ್ರೀರಂಗಪಟ್ಟಣದತ್ತ ಹೊರಟಿತು. ಭಾರಿ ಫಿರಂಗಿಗಳನ್ನು ಎಳೆಯಲಿಕ್ಕೂ ಧಾನ್ಯ ಸಾಗಿಸಲಿಕ್ಕೂ ಎತ್ತುಗಳೇ ಗತಿ. ಟಿಪ್ಪುವಿನ ಕಡೆಯವರು ದಾರಿಯ ಮೇವನ್ನು ಸುಟ್ಟಿದ್ದರು. ಮಳೆ ಹಿಡಿಯಿತು, ರೋಗವೂ ಬಂತು. ಎತ್ತುಗಳು ಸಾವಿರಗಟ್ಟಲೆ ಬಿದ್ದು ಸತ್ತವು. ಸಿಪಾಯಿಗಳೇ ಫಿರಂಗಿಗೆ ಹೆಗಲು ಕೊಟ್ಟರು. ಮೇ 15ರಂದು ಅರಕೆರೆಯ ಕದನದಲ್ಲಿ ಗೆದ್ದಿದ್ದರೂ ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಬೇಕಾಯಿತು. ನಮ್ಮ ಪಠ್ಯಪುಸ್ತಕಗಳು ಸೇನಾಪತಿಗಳನ್ನು ಹೆಸರಿಸುತ್ತವೆ, ಎತ್ತುಗಳನ್ನಲ್ಲ.

ಮುಂದಿನ ದಂಡಯಾತ್ರೆಗೆ ಲಂಬಾಣಿಗಳ ಹೇರೆತ್ತುಗಳು ಧಾನ್ಯ ತಂದವು. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯದ ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಬೇಕಾಯಿತು. ಹಣ ಸಲ್ಲುವವರೆಗೆ ಇಬ್ಬರು ಮಕ್ಕಳು ಒತ್ತೆ. ಬೊಕ್ಕಸದಲ್ಲಿದ್ದುದು ಸಾಲಲಿಲ್ಲ. ಉಳಿದ ದೊಡ್ಡ ಪಾಲನ್ನು ಪ್ರಜೆಗಳ ಮೇಲೆ ಹೇರಿದರು.