ವಿಜಾಪುರದ ಪೇಟೆಯೂ ಮದ್ದಿನ ಹೆಸರುಗಳೂ

ಅರಸರ ಕಾಳಗಗಳನ್ನು ಶಾಸನಗಳೂ ಬಖರುಗಳೂ ಹೇಳುತ್ತವೆ. ಬೇನೆ ಬಿದ್ದ ಜನರು ಏನನ್ನು ಕೊಂಡು ತಂದರೆಂಬುದನ್ನು ಅರಿಯಬೇಕಾದರೆ ಪೇಟೆಯಲ್ಲಿ ಉಳಿದುಬಂದ ಹೆಸರುಗಳನ್ನೇ ಕೇಳಬೇಕು.

ವಿಜಾಪುರಕ್ಕೆ ಪಡುವಲಿರುವ ತಿಕೋಟಾ, ಘೋಣಸಗಿಗಳ ಸೀಮೆಯು ಮಳೆ ಕಡಿಮೆಯಾದ ಬಯಲುನಾಡು. ನೆಗ್ಗಿಲು, ಉತ್ತರಾಣಿ, ತುಂಬೆಗಳಂಥವು ಇಂಥ ನೆಲದಲ್ಲಿ ಹೊಲದ ಬದುಗಳಲ್ಲಿ ತಾವಾಗಿ ಬೆಳೆಯತಕ್ಕವು. ಅವುಗಳಿಗೆ ಹಣ ತೆರಬೇಕಾಗಿಲ್ಲ. ಆದರೆ ಅಳಲೆ, ತಾರೆಗಳು ಕಾಡಿನ ಮರಗಳು. ಹಿಪ್ಪಲಿಯು ತೇವದ ಸೀಮೆಯ ಬಳ್ಳಿ. ಇಂಗು ಇರಾಣ, ಅಫಗಾನಿಸ್ತಾನಗಳ ಕಡೆಯದು. ಇಂಥವುಗಳಿಗಾಗಿ ಒಕ್ಕಲಿಗನು ಪೇಟೆಯ ದಾರಿ ಹಿಡಿಯಲೇಬೇಕಾಗಿತ್ತು.

ಆ ಪೇಟೆಯ ವಿದ್ಯೆಗೆ ವಿಜಾಪುರದಲ್ಲಿಯೇ ಒಬ್ಬ ಘನವಾದ ಸಾಕ್ಷಿಯಿದ್ದಾನೆ. ಇತಿಹಾಸಕಾರನೆಂದು ಪ್ರಖ್ಯಾತನಾದ ಫೆರಿಸ್ತನು 1589ರಲ್ಲಿ ಎರಡನೆಯ ಇಬ್ರಾಹಿಮ ಆದಿಲಶಾಹನ ಆಶ್ರಯಕ್ಕೆ ಬಂದನು. ಕಾಸ್ಪಿಯನ್ ಸಮುದ್ರದ ಬದಿಯ ಅಸ್ತರಾಬಾದದಲ್ಲಿ ಜನಿಸಿದ ಈತನು ವೈದ್ಯನೂ ಆಗಿದ್ದನು. ಈ ನಾಡಿನ ವೈದ್ಯವನ್ನೂ ಔಷಧಗಳನ್ನೂ ಕುರಿತು ಈತನು ಪಾರ್ಸಿಯಲ್ಲಿ ‘ದಸ್ತೂರ್-ಉಲ್-ಅತಿಬ್ಬಾ’ ಎಂಬ ಗ್ರಂಥವನ್ನು ರಚಿಸಿದನು. ಪರನಾಡಿನಿಂದ ಬಂದ ಪಂಡಿತನು ಇಲ್ಲಿಯ ಬೇರು ಕಾಯಿಗಳಿಗೆ ತಲೆವಾಗಿದನೆಂಬುದು ಸಾಮಾನ್ಯ ಸಂಗತಿಯಲ್ಲ.

ಈ ಕೊಳುಕೊಡೆಯು ಫೆರಿಸ್ತನಿಂದಲೇ ಮೊದಲಾದುದಲ್ಲ. ನಮ್ಮ ತ್ರಿಫಲೆಯು ಯುನಾನೀ ವೈದ್ಯದಲ್ಲಿ ಬಹು ಹಿಂದೆಯೇ ‘ಇತ್ರೀಫಲ’ವಾಗಿ ನೆಲೆಗೊಂಡಿತ್ತು. ಮದ್ದು ಮಾರುವವನ ಹೆಸರಾದರೂ ಹಾಗೆಯೇ: ಗಂಧದಿಂದ ‘ಗಂಧಿಗ’ನಾದನು, ಅತ್ತರಿನಿಂದ ‘ಅತ್ತಾರ’ನಾದನು. ಭಾಷೆ ಎರಡಾದರೂ ಸುವಾಸನೆಯ ಸರಕನ್ನೂ ಮದ್ದಿನ ಸರಕನ್ನೂ ಒಂದೇ ಅಂಗಡಿಯಲ್ಲಿರಿಸಿದ ಕಸುಬು ಒಂದೇ. ಅತ್ತಾರ ಎಂಬ ಮನೆತನದ ಹೆಸರು ಈ ಸೀಮೆಯಲ್ಲಿ ಇಂದಿಗೂ ಕೇಳಿಬರುತ್ತದೆ. 1686ರಲ್ಲಿ ಆದಿಲಶಾಹಿಯು ಮೊಗಲರ ಪಾಲಾಯಿತು. ಕಸುಬಿನ ಹೆಸರು ಮಾತ್ರ ಅಳಿಯಲಿಲ್ಲ.

ಆದರೆ ಹೆಸರೊಂದೇ ಉಳಿದರೆ ಸಾಲದು. ಬ್ರಾಹ್ಮಿಯೆಂದರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ಶಂಖಪುಷ್ಪಿಯೆಂದು ಮಾರಾಟವಾಗುವ ಗಿಡಗಳೂ ಒಂದಕ್ಕಿಂತ ಹೆಚ್ಚು. ಒಣಗಿ ಪುಡಿಯಾದ ಬಳಿಕ ಯಾವುದು ಯಾವುದೆಂದು ಕಣ್ಣಿಗೆ ತಿಳಿಯುವುದು ಕಷ್ಟ. ಔಷಧಗಳ ಕುರಿತಾದ 1940ರ ಕಾಯಿದೆಯನ್ನು 1964ರಲ್ಲಿ ತಿದ್ದಿ, ಆಯುರ್ವೇದ ಯುನಾನೀ ಔಷಧಗಳ ತಯಾರಿಕೆಯನ್ನೂ ಅದರ ಅಧೀನಕ್ಕೆ ತಂದರು. ಕಾಯಿದೆಯು ಅಗತ್ಯವೇ, ಆದರೂ ಮುರಿದು, ಮೂಸಿ, ನಾಲಗೆಗೆ ತಾಕಿಸಿ ಬೇರನ್ನು ಗುರುತಿಸುವ ಅರಿವು ಬರಹಕ್ಕಿಳಿಯದೆ ತಂದೆಯಿಂದ ಮಗನಿಗೆ ಬಂದುದು. ಮಗನು ಬೇರೊಂದು ಉದ್ಯೋಗವನ್ನು ಹಿಡಿದರೆ ಆ ಅರಿವಿಗೆ ವಾರಸುದಾರರಿಲ್ಲ. ಗೋಳಗುಮ್ಮಟದ ಕಲ್ಲುಗಳನ್ನು ಕಾಯುವಷ್ಟೇ ಆಸ್ಥೆಯಿಂದ ಈ ಅರಿವನ್ನು ಬರೆದಿಡುವುದು ನಾಡವರ ಕರ್ತವ್ಯವಾಗಿದೆ.